ಕಡಲ ಗಡಿಯಾರ

ಕೋಲಾರ ಜಿಲ್ಲೆ ಕಡಲನ್ನು ಕಾಣದ ನಾಡು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಹೊರಟು ಮಂಗಳೂರಿನ ತೀರವನ್ನು ಸೇರಬೇಕಾದರೆ ಸುಮಾರು 400 ಕಿಲೋಮೀಟರುಗಳ ದಾರಿಯನ್ನು ಕ್ರಮಿಸಬೇಕು. ಆದರೂ ಈ ನಾಡಿಗೂ ಕಡಲಿಗೂ ಒಂದು ನಂಟುಂಟು. ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಊರಿನ ಹೆಸರಿನ ಜೊತೆಗೆ ಆ ಸ್ಥಳವು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಬರೆದಿರುತ್ತಾರೆ. ಕೋಲಾರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ ಎಂದು ಭೂಗೋಳದ ಪಾಠದಲ್ಲಿ ಓದುತ್ತೇವೆ. ಆದರೆ ಕಡಲು ನಿಂತ ನೀರಲ್ಲ. ಹಗಲಿರುಳೂ ಏರುತ್ತ ಇಳಿಯುತ್ತ ಇರುವ ನೀರಿಗೆ ಒಂದು ಮಟ್ಟವೆಂಬುದು ಎಲ್ಲಿಂದ ಬಂದಿತು?

ಅದು ಎಣಿಸಿ ಅಳೆದು ಕಂಡುಕೊಂಡ ಮಟ್ಟ. ಭಾರತೀಯ ಸರ್ವೇಕ್ಷಣಾ ಇಲಾಖೆಯವರು ನಮ್ಮ ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ನೀರಿನ ಏರಿಳಿತವನ್ನು ಅಳೆದು, ಅದರ ಸರಾಸರಿಯನ್ನು ತೆಗೆದು, 1909ರಲ್ಲಿ ಸಿದ್ಧಪಡಿಸಿದ ಮಟ್ಟದ ಜಾಲಕ್ಕೆ ಅದನ್ನೇ ಬುನಾದಿಯಾಗಿ ಇರಿಸಿಕೊಂಡರು. ಬಯಲುಸೀಮೆಯ ಬೆಟ್ಟಗಳ ಎತ್ತರವನ್ನು ಹೇಳುವಾಗಲೂ ಕಾರವಾರದ ಕಡಲಿನ ಉಬ್ಬರವಿಳಿತದ ಲೆಕ್ಕ ಅದರೊಳಗೆ ಅಡಗಿರುತ್ತದೆ. ಇಲಾಖೆಗೆ ಅದು ಅಳತೆಯ ವಿಷಯ; ಕರಾವಳಿಯ ಬೆಸ್ತನಿಗೆ ಅನ್ನದ ವಿಷಯ, ಕೆಲವೊಮ್ಮೆ ಪ್ರಾಣದ ವಿಷಯ.

ಕೋಲಾರದವರಿಗೆ ನೀರಿನ ಏರಿಳಿತ ಹೊಸದೇನೂ ಅಲ್ಲ. ಇದು ಕೆರೆಗಳ ಸೀಮೆ. ಮುಂಗಾರು ಹಿಂಗಾರುಗಳು ಕೈಹಿಡಿದರೆ ಕೆರೆ ತುಂಬಿ ಕೋಡಿ ಹರಿಯುತ್ತದೆ. ಮಳೆ ಮುನಿದರೆ ಅಂಗಳ ಬಿರಿಯುತ್ತದೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೊಳವೆಗಳಲ್ಲಿ ಬಂದು ಹಲವು ಕೆರೆಗಳನ್ನು ತುಂಬಿಸುತ್ತಿದೆ. ಹೇಗೆ ತುಂಬಿದರೂ ಕೆರೆಯ ಏರಿಳಿತಕ್ಕೆ ಋತುವೇ ಅಳತೆಗೋಲು. ವರ್ಷಕ್ಕೊಮ್ಮೆ ಏರು, ವರ್ಷಕ್ಕೊಮ್ಮೆ ಇಳಿತ. ಕಡಲಿನ ನೀರಾದರೋ ಒಂದೇ ದಿನದಲ್ಲಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಏರುವುದನ್ನು ಉಬ್ಬರ ಅಥವಾ ಭರತ ಎಂದೂ, ಇಳಿಯುವುದನ್ನು ಇಳಿತ ಎಂದೂ ಕರೆಯುತ್ತಾರೆ.

ಇದಕ್ಕೆ ಕಾರಣ ಚಂದ್ರ. ಹುಣ್ಣಿಮೆಯ ಚಂದ್ರನನ್ನು ಕಂಡು ಕಡಲು ಉಕ್ಕುತ್ತದೆ ಎಂದು ನಮ್ಮ ಪ್ರಾಚೀನ ಕವಿಗಳು ವರ್ಣಿಸುತ್ತ ಬಂದಿದ್ದಾರೆ. ಕವಿಗಳ ಈ ಮಾತಿನ ಹಿಂದಿರುವ ನಿಯಮವನ್ನು 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನ್ಯೂಟನ್ ವಿವರಿಸಿದನು. ಚಂದ್ರನು ಭೂಮಿಯನ್ನು ಸೆಳೆಯುತ್ತಾನೆ. ಆದರೆ ಆ ಸೆಳೆತ ಎಲ್ಲ ಕಡೆಗೂ ಒಂದೇ ಸಮನಾಗಿಲ್ಲ. ಚಂದ್ರನಿಗೆ ಎದುರಾಗಿರುವ ಬದಿಯಲ್ಲಿ ಹೆಚ್ಚು, ಭೂಮಿಯ ನಡುವಿನಲ್ಲಿ ಅದಕ್ಕಿಂತ ಕಡಮೆ, ಆಚೆಯ ಬದಿಯಲ್ಲಿ ಇನ್ನೂ ಕಡಮೆ. ಈ ವ್ಯತ್ಯಾಸದಿಂದಾಗಿ ಕಡಲಿನ ನೀರು ಚಂದ್ರನ ಕಡೆಗೂ, ಅದಕ್ಕೆ ನೇರ ವಿರುದ್ಧವಾದ ಕಡೆಗೂ ಉಬ್ಬುತ್ತದೆ. ಭೂಮಿ ತನ್ನ ಸುತ್ತ ತಾನು ತಿರುಗುವಾಗ ಒಂದೊಂದು ತೀರವೂ ಈ ಎರಡು ಉಬ್ಬುಗಳನ್ನು ಹಾದುಹೋಗುತ್ತದೆ. ಆದುದರಿಂದಲೇ ದಿನಕ್ಕೆ ಎರಡು ಉಬ್ಬರ.

ಹಾಗಾದರೆ ಕೋಲಾರದ ಕೆರೆಗಳು ಹುಣ್ಣಿಮೆಯಂದು ಏಕೆ ಉಕ್ಕುವುದಿಲ್ಲ? ಕೆರೆಯ ಮೇಲೂ ಚಂದ್ರನ ಸೆಳೆತವಿದೆ. ಆದರೆ ಕೆರೆಯ ಒಂದು ದಡಕ್ಕೂ ಇನ್ನೊಂದು ದಡಕ್ಕೂ ಇರುವ ದೂರ ಬಹಳ ಚಿಕ್ಕದು. ಎರಡು ದಡಗಳ ಮೇಲಿನ ಸೆಳೆತದಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು. ವ್ಯತ್ಯಾಸವಿಲ್ಲದ ಕಡೆ ಉಬ್ಬರವೂ ಇಲ್ಲ. ಉಬ್ಬರಕ್ಕೆ ಸಾವಿರಾರು ಕಿಲೋಮೀಟರುಗಳ ಹರವಿನ ಸಾಗರವೇ ಬೇಕು.

ಸೂರ್ಯನ ಪಾತ್ರವೂ ಇದರಲ್ಲಿದೆ. ಅವನು ಬಹು ದೂರದಲ್ಲಿರುವುದರಿಂದ ಅವನ ಪ್ರಭಾವ ಚಂದ್ರನ ಪ್ರಭಾವದ ಅರ್ಧಕ್ಕಿಂತ ಕೊಂಚ ಕಡಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿಗಳು ಹೆಚ್ಚು ಕಡಮೆ ಒಂದೇ ಸಾಲಿಗೆ ಬರುತ್ತವೆ. ಆಗ ಇಬ್ಬರ ಸೆಳೆತವೂ ಕೂಡಿಕೊಳ್ಳುವುದರಿಂದ ಉಬ್ಬರ ಬಹಳ ಎತ್ತರಕ್ಕೆ ಏರುತ್ತದೆ, ಇಳಿತ ಬಹಳ ಕೆಳಕ್ಕೆ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಒಬ್ಬರ ಸೆಳೆತ ಇನ್ನೊಬ್ಬರದಕ್ಕೆ ಅಡ್ಡವಾಗಿ, ಏರಿಳಿತ ಎರಡೂ ಮಂದವಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆ ಕಳೆದು ಒಂದೆರಡು ದಿನಗಳಾದ ಮೇಲೆಯೇ ಅತಿ ದೊಡ್ಡ ಉಬ್ಬರ ಬರುವುದು ವಾಡಿಕೆ.

ಏರಿಳಿತದ ಪ್ರಮಾಣ ಎಲ್ಲೆಡೆಯೂ ಒಂದೇ ಅಲ್ಲ. ದೊಡ್ಡ ಉಬ್ಬರದ ದಿನಗಳಲ್ಲಿ ಮಂಗಳೂರಿನ ನೀರು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಏರಿಳಿಯುತ್ತದೆ. ಉತ್ತರದ ಕಾರವಾರದಲ್ಲಿ ಅದಕ್ಕಿಂತ ತುಸು ಅಧಿಕ. ಇನ್ನೂ ಉತ್ತರಕ್ಕೆ, ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಕೊಳವೆಯಂತೆ ಕಿರಿದಾಗುವ ತೀರದ ನಡುವೆ ನುಗ್ಗುವ ನೀರು ಹತ್ತು ಮೀಟರಿನಷ್ಟು ಏರುವುದುಂಟು. ಕೆನಡಾ ದೇಶದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರಿನವರೆಗೂ ಹೋಗುತ್ತದೆ. ಇವುಗಳ ಮುಂದೆ ಕನ್ನಡ ಕರಾವಳಿಯ ಉಬ್ಬರ ಸಣ್ಣದೆಂದೇ ತೋರಬಹುದು. ಆದರೆ ದೋಣಿಯ ತಳಕ್ಕೂ ಮರಳಿಗೂ ನಡುವೆ ಗೇಣಂತರವಿರುವಾಗ ಒಂದು ಮೀಟರು ಸಣ್ಣ ಮಾತಲ್ಲ.

ಮೊಗವೀರ, ಖಾರ್ವಿ, ಅಂಬಿಗ, ಹರಿಕಾಂತ ಮೊದಲಾದ ಜನವರ್ಗಗಳ ಮೀನುಗಾರರು ತಲೆತಲಾಂತರದಿಂದ ಈ ಏರಿಳಿತವನ್ನು ತಿಥಿಯಿಂದಲೇ ಎಣಿಸುತ್ತ ಬಂದಿದ್ದಾರೆ. ಲೆಕ್ಕ ಸರಳವಾದುದು. ಚಂದ್ರನು ಭೂಮಿಯ ಸುತ್ತ ಮುಂದಕ್ಕೆ ಸರಿಯುತ್ತಿರುವುದರಿಂದ, ಇಂದು ತಲೆಯ ಮೇಲೆ ಬಂದ ಹೊತ್ತಿಗೇ ನಾಳೆ ಬರುವುದಿಲ್ಲ. ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ. ಉಬ್ಬರವೂ ಹಾಗೆಯೇ ದಿನದಿನಕ್ಕೆ ತಡವಾಗುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆಗೆ 24 ನಿಮಿಷ. ಆದುದರಿಂದ ತಿಥಿಯೊಂದಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ, ಎಂದು ಹಿಡಿದರೆ ಸಾಕು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರದಿಂದ ಇಳಿತಕ್ಕೆ 6 ಗಂಟೆಗಿಂತ ಸ್ವಲ್ಪ ಹೆಚ್ಚು.

ಒಂದು ಉದಾಹರಣೆಯನ್ನು ನೋಡಬಹುದು. ಯಾವುದೋ ಒಂದು ನದೀಮುಖದಲ್ಲಿ ಅಮಾವಾಸ್ಯೆಯಂದು ಹಗಲು 11 ಗಂಟೆಗೆ ನೀರು ತುಂಬುತ್ತದೆ ಎಂದಿಟ್ಟುಕೊಳ್ಳೋಣ. ಪಂಚಮಿಗೆ ಐದು ತಿಥಿಗಳು ಕಳೆದಿರುತ್ತವೆ. ಐದು ಸಲ 48 ಎಂದರೆ 240 ನಿಮಿಷ, ನಾಲ್ಕು ಗಂಟೆ. ಆದುದರಿಂದ ಪಂಚಮಿಯಂದು ಮಧ್ಯಾಹ್ನ 3 ಗಂಟೆಯ ಸುಮಾರಿಗೆ ತುಂಬುನೀರು. ಅಷ್ಟಮಿಗೆ ಎಂಟು ಸಲ 48, ಎಂದರೆ 6 ಗಂಟೆ 24 ನಿಮಿಷ. ತುಂಬುನೀರು ಸಂಜೆ 5 ಗಂಟೆ 24 ನಿಮಿಷಕ್ಕೆ. ಅಮಾವಾಸ್ಯೆಯಂದು 11 ಗಂಟೆಗೆ ಎಲ್ಲಿ ದೋಣಿ ತೇಲುತ್ತಿತ್ತೋ, ಅಷ್ಟಮಿಯಂದು ಅದೇ ಹೊತ್ತಿಗೆ ಅಲ್ಲಿ ನೀರು ಇಳಿದಿರುತ್ತದೆ. ಈ ಲೆಕ್ಕ ಗಡಿಯಾರದಷ್ಟು ನಿಖರವಲ್ಲ. ಅರ್ಧ ಗಂಟೆಯೋ, ಇನ್ನೂ ಸ್ವಲ್ಪ ಹೆಚ್ಚೋ, ಹಿಂದುಮುಂದಾಗುವುದುಂಟು. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳ ಎತ್ತರವೂ ಸಮನಾಗಿರುವುದಿಲ್ಲ. ಆದರೂ ನಾಳೆಯ ಕೆಲಸವನ್ನು ಇಂದೇ ಗೊತ್ತುಮಾಡಿಕೊಳ್ಳಲು ಇಷ್ಟು ಸಾಕಾಗುತ್ತದೆ.

ಮೀನಿಗೂ ಉಬ್ಬರಕ್ಕೂ ಇರುವ ಸಂಬಂಧ ಆಹಾರದ ಸಂಬಂಧ. ಉಬ್ಬರದ ನೀರು ನದೀಮುಖವನ್ನು ಹೊಕ್ಕಾಗ ಸಿಗಡಿಗಳೂ ಸಣ್ಣ ಜೀವಿಗಳೂ ಅದರೊಡನೆ ಒಳಕ್ಕೆ ಬರುತ್ತವೆ; ಅವುಗಳನ್ನು ಅರಸಿ ಮೀನುಗಳು ಬರುತ್ತವೆ. ಇಳಿತದಲ್ಲಿ ಗದ್ದೆ, ಕಾಂಡ್ಲಾ ಕಾಡು, ಕೆಸರುನೆಲಗಳಿಂದ ನೀರು ಹಿಂದೆ ಸರಿಯುವಾಗ ಕಾಲುವೆಗಳ ಬಾಯಲ್ಲಿ ಅವು ಮತ್ತೆ ಕಾದು ನಿಲ್ಲುತ್ತವೆ. ಆದುದರಿಂದ ಮರಳುತಳದ ಕಾಣೆಮೀನಿಗೆ ಬೀಸುಬಲೆ ಎಸೆಯುವವನಾಗಲಿ, ದಡದಲ್ಲಿ ಗಾಳ ಹಾಕಿ ಕುಳಿತವನಾಗಲಿ, ನೀರು ಚಲಿಸುತ್ತಿರುವ ಹೊತ್ತನ್ನೇ ಆರಿಸಿಕೊಳ್ಳುತ್ತಾನೆ. ತುಂಬುನೀರು ಕ್ಷಣಕಾಲ ಅಲುಗಾಡದೆ ನಿಂತಾಗ ಗಾಳಕ್ಕೆ ಮೀನು ಕಚ್ಚುವುದು ಕಡಮೆ ಎಂಬುದು ಬಲ್ಲವರ ಅನುಭವ.

ಉಬ್ಬರವಿಳಿತವನ್ನು ಬೇಸಾಯಕ್ಕೂ ಮೀನುಗಾರಿಕೆಗೂ ಒಟ್ಟಿಗೆ ಹೂಡಿದ ಜಾಣ್ಮೆಯನ್ನು ಉತ್ತರ ಕನ್ನಡದ ಗಜನಿ ಭೂಮಿಯಲ್ಲಿ ಕಾಣಬಹುದು. ಅಘನಾಶಿನಿ ನದಿಯ ಮುಖದ ಬಳಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟದಂತಹ ಊರುಗಳ ಸುತ್ತ, ನದಿಗೂ ಗದ್ದೆಗೂ ನಡುವೆ ಒಡ್ಡು ಕಟ್ಟಿ ಅದರಲ್ಲಿ ಮರದ ಬಾಗಿಲುಗಳನ್ನು ಇಟ್ಟಿರುತ್ತಾರೆ. ಕೋಲಾರದ ಕೆರೆಯ ಏರಿಗೂ ತೂಬಿಗೂ ಇದು ದೂರದ ಬಂಧುವೆನ್ನಬಹುದು. ಮಳೆಗಾಲದಲ್ಲಿ ಉಪ್ಪುನೀರನ್ನು ಹೊರಗಿಟ್ಟು, ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉಬ್ಬರದ ಹೊತ್ತಿನಲ್ಲಿ ಬಾಗಿಲು ತೆರೆದು ನೀರನ್ನು ಒಳಕ್ಕೆ ಬಿಡುತ್ತಾರೆ. ನೀರಿನೊಡನೆ ಬಂದ ಸಿಗಡಿ, ಮೀನುಮರಿಗಳು ಭತ್ತದ ಕೂಳೆಯ ನಡುವೆ ಮೇಯ್ದು ಬೆಳೆಯುತ್ತವೆ. ಬಳಿಕ ಇಳಿತದ ಹೊತ್ತನ್ನು ನೋಡಿ ಬಾಗಿಲಿಗೆ ಬಲೆ ಕಟ್ಟಿದರೆ, ಹೊರಕ್ಕೆ ಓಡುವ ನೀರೇ ಸಿಗಡಿಯನ್ನು ಬಲೆಗೆ ತಂದೊಪ್ಪಿಸುತ್ತದೆ. ನೀರಿನ ಓಟ ಬಿರುಸಾಗಿರುವ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನ ದಿನಗಳೇ ಇದಕ್ಕೆ ಸುಗ್ಗಿ. ಕಗ್ಗವನ್ನು ಬೆಳೆಯುವವರು ಈಗ ಕಡಮೆಯಾಗುತ್ತಿದ್ದಾರೆ. ಒಡ್ಡು ಒಡೆದ ಕಡೆ ಭತ್ತವೂ ಇಲ್ಲ, ಹದವರಿತ ಮೀನುಗಾರಿಕೆಯೂ ಇಲ್ಲ.

ಅದೇ ಅಘನಾಶಿನಿಯಲ್ಲಿ ನೀರಿಳಿದಾಗ ಇನ್ನೊಂದು ಕೆಲಸ ನಡೆಯುತ್ತದೆ. ನದಿಯ ನಡುವಣ ಮರಳುದಿಬ್ಬಗಳು ತಲೆಯೆತ್ತಿದ ಕೂಡಲೇ ಹೆಂಗಸರು ಗಂಡಸರು ಬುಟ್ಟಿಗಳನ್ನು ಹಿಡಿದು ಚಿಪ್ಪುಮೀನನ್ನು ಆರಿಸಲು ಇಳಿಯುತ್ತಾರೆ. ಅವರ ದುಡಿಮೆಯ ವೇಳೆಯನ್ನು ಗೊತ್ತುಮಾಡುವವನು ಸೂರ್ಯನಲ್ಲ, ಚಂದ್ರ. ಇಂದು ಬೆಳಗ್ಗೆ ಏಳಕ್ಕೆ ಆರಂಭವಾದ ಕೆಲಸ ಮೂರು ದಿನಗಳ ಮೇಲೆ ಒಂಬತ್ತೂವರೆಯ ಹತ್ತಿರ ಆರಂಭವಾಗುತ್ತದೆ.

ಇಲ್ಲಿ ತಿಳಿದಿರಬೇಕಾದ ಎಚ್ಚರವೊಂದುಂಟು. ಇಳಿದ ನೀರು ಮತ್ತೆ ಏರುವುದು ಒಂದೇ ವೇಗದಿಂದಲ್ಲ. ಏರುವ ಆರು ಗಂಟೆಗಳಲ್ಲಿ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು ಪಾಲು ಏರುತ್ತದೆ ಎಂಬುದು ನಾವಿಕರ ಸ್ಥೂಲ ಸೂತ್ರ. ಒಟ್ಟು ಏರಿಕೆ 120 ಸೆಂಟಿಮೀಟರ್ ಆದರೆ ಮೊದಲ ಗಂಟೆಯ ಏರಿಕೆ ಕೇವಲ 10 ಸೆಂಟಿಮೀಟರ್; ಮೂರನೆಯ ಗಂಟೆಯದು 30. ಮೊದಲ ಗಂಟೆಯಲ್ಲಿ ನೀರು ಸುಮ್ಮನಿರುವಂತೆ ಕಾಣುತ್ತದೆ. ಇನ್ನೊಂದು ಬುಟ್ಟಿ ತುಂಬಿಕೊಳ್ಳೋಣವೆಂದು ಬಗ್ಗಿದ ಕೈ ಬಗ್ಗಿದಂತೆಯೇ ಇರುತ್ತದೆ. ಅಷ್ಟರಲ್ಲಿ ದಿಬ್ಬಕ್ಕೂ ದಡಕ್ಕೂ ನಡುವಣ ತಗ್ಗುಗಳು ಮೊದಲು ತುಂಬುತ್ತವೆ. ನಿಂತ ನೆಲ ಒಣಗಿಯೇ ಇರುವಾಗ ಹಿಂದಿರುಗುವ ದಾರಿ ಮುಳುಗಿಹೋಗಿರುತ್ತದೆ. ಆದುದರಿಂದ ಅನುಭವಿಗಳು ಕಾಲಬುಡದ ನೀರನ್ನು ನೋಡುವುದಿಲ್ಲ, ದಾರಿಯ ನೀರನ್ನು ನೋಡುತ್ತಾರೆ. ನೀರು ತಿರುಗಿದ ಗಳಿಗೆಯಲ್ಲೇ ಬುಟ್ಟಿಯನ್ನು ಹೊತ್ತು ದೋಣಿಯನ್ನು ಸೇರುತ್ತಾರೆ. ಎಳೆಯ ಚಿಪ್ಪುಗಳನ್ನು ಆರಿಸದೆ ಬಿಡುವುದೂ ಅಂತಹದೇ ಒಂದು ಎಚ್ಚರ. ಇಂದು ಉಳಿಸಿದುದು ಮುಂದಿನ ವರ್ಷದ ಬುತ್ತಿ. ಈ ನದೀಮುಖದ ಜೀವಸಂಪತ್ತನ್ನು ಮನ್ನಿಸಿ 2024ರಲ್ಲಿ ಇದನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿಸಲಾಯಿತು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆಯುವ ಸ್ಥಳ ಅಳಿವೆ. ನದಿ ಕಡಲನ್ನು ಕೂಡುವ ಬಾಯಿಗೆ ಅಳಿವೆಯೆಂದು ಹೆಸರು. ನದಿ ತಂದ ಹೂಳನ್ನೂ ಕಡಲು ತಳ್ಳಿದ ಮರಳನ್ನೂ ಅದು ತನ್ನ ಬಾಯಲ್ಲೇ ದಿಬ್ಬವಾಗಿ ಒಟ್ಟಿಕೊಂಡಿರುತ್ತದೆ. ಮಳೆಗಾಲ ಕಳೆದಂತೆಲ್ಲ ದಿಬ್ಬದ ಜಾಗ ಬದಲಾಗುತ್ತದೆ. ನೇತ್ರಾವತಿ ಗುರುಪುರ ನದಿಗಳ ಮಂಗಳೂರಿನ ಅಳಿವೆ, ಐದು ಹೊಳೆಗಳು ಕೂಡುವ ಗಂಗೊಳ್ಳಿಯ ಅಳಿವೆ, ಇವನ್ನು ದಾಟದೆ ಅಲ್ಲಿನ ದೋಣಿಗಳು ಕಡಲಿಗೆ ಹೋಗಲಾರವು, ಕಡಲಿನಿಂದ ಮನೆಗೆ ಬರಲಾರವು.

ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಕ್ಕೆ ಹರಿಯುತ್ತದೆ. ಕಡಲಿನ ಅಲೆ ಒಳಕ್ಕೆ ನುಗ್ಗುತ್ತದೆ. ಇವೆರಡೂ ದಿಬ್ಬದ ಮೇಲಿನ ತೆಳುನೀರಿನಲ್ಲಿ ಇದಿರಾದಾಗ ಅಲೆಗಳು ಕಡಿದಾಗಿ ಎದ್ದು ಮುರಿದು ಬೀಳುತ್ತವೆ. ದೋಣಿ ಮಗುಚಿಕೊಳ್ಳುವುದು ಇಂತಹ ಕಡೆಯಲ್ಲಿಯೇ. ಉಬ್ಬರದ ಹೊತ್ತಿನಲ್ಲಿ ನೀರಿನ ಓಟವೂ ಅಲೆಯ ಓಟವೂ ಒಂದೇ ದಿಕ್ಕಿಗೆ. ದಿಬ್ಬದ ಮೇಲೆ ಆಳವೂ ಹೆಚ್ಚು. ಆದುದರಿಂದ ಉಬ್ಬರ ಮುಗಿಯುತ್ತ ಬಂದು ನೀರು ನಿಲ್ಲುವ ಸಂಧಿಯೇ ಅಳಿವೆಯನ್ನು ದಾಟಲು ತಕ್ಕ ಹೊತ್ತು.

ಇಲ್ಲಿಯೂ ಹನ್ನೆರಡು ಪಾಲಿನ ಸೂತ್ರ ಬಳಕೆಗೆ ಬರುತ್ತದೆ. ಪೂರ್ಣ ಇಳಿತದಲ್ಲಿ ದಿಬ್ಬದ ಮೇಲೆ ಒಂದೂವರೆ ಮೀಟರ್ ನೀರಿದೆ. ಮೀನು ತುಂಬಿದ ದೋಣಿ 1.8 ಮೀಟರ್ ಆಳಕ್ಕೆ ಕುಳಿತಿದೆ ಎನ್ನೋಣ. ದೋಣಿಯ ತಳಕ್ಕೆ ಇನ್ನೂ 30 ಸೆಂಟಿಮೀಟರ್ ನೀರಾದರೂ ಬೇಕು, ಒಟ್ಟು 2.1 ಮೀಟರ್. ಮೂರು ಗಂಟೆಗಳಲ್ಲಿ 10, 20, 30 ಸೆಂಟಿಮೀಟರುಗಳು ಸೇರಿ 60 ಸೆಂಟಿಮೀಟರ್ ಏರಿದಾಗಲೇ ಅಷ್ಟು ನೀರು ದೊರೆಯುವುದು. ಅದೂ ಕಡಲು ಶಾಂತವಾಗಿದ್ದರೆ. ಅಲೆಯಿದ್ದರೆ ಇನ್ನೂ ಒಂದೆರಡು ಗಂಟೆ ಕಾಯಬೇಕು.

ಕಾಯುವುದು ಸುಲಭವಲ್ಲ. ದಡದಲ್ಲಿ ದೀಪಗಳು ಕಾಣುತ್ತಿರುತ್ತವೆ. ಪೆಟ್ಟಿಗೆಯೊಳಗೆ ಮಂಜುಗಡ್ಡೆ ಕರಗುತ್ತಿರುತ್ತದೆ. ಮೊದಲು ಬಂದ ದೋಣಿಯ ಮೀನಿಗೆ ಹೆಚ್ಚು ಬೆಲೆ. ಹಿಂದುಳಿದವನಿಗೆ ಉಳಿದ ಬೆಲೆ. ರಾತ್ರಿಯೆಲ್ಲ ಬಲೆಯೆಳೆದು ದಣಿದ ಆಳುಗಳು ಮನೆಯನ್ನು ನೆನೆಯುತ್ತಿರುತ್ತಾರೆ. ಈ ಒತ್ತಾಯಗಳೆಲ್ಲ ಒಂದು ಕಡೆ, ಇಳಿಯುತ್ತಿರುವ ನೀರು ಇನ್ನೊಂದು ಕಡೆ. ಲಂಗರು ಹಾಕಿ ಎರಡು ಗಂಟೆ ಹೊರಗೇ ನಿಲ್ಲುವ ತಂಡೇಲನು ಆ ದಿನದ ಲಾಭದಲ್ಲಿ ಒಂದಂಶವನ್ನು ಕಳೆದುಕೊಳ್ಳಬಹುದು. ತನ್ನನ್ನು ನಂಬಿ ಬಂದವರನ್ನು ಕಳೆದುಕೊಳ್ಳುವುದಿಲ್ಲ. ಧೈರ್ಯವೆಂಬುದು ನುಗ್ಗುವುದರಲ್ಲಿ ಮಾತ್ರವಲ್ಲ, ತಡೆದು ನಿಲ್ಲುವುದರಲ್ಲಿಯೂ ಇದೆ.

ಉಬ್ಬರವೊಂದನ್ನೇ ನಂಬಿದರೂ ಸಾಲದು. ನದೀಮುಖದಲ್ಲಿ ಉಬ್ಬರ ಆಳುತ್ತದೆ. ತೆರೆದ ಕಡಲಿನಲ್ಲಿ ಗಾಳಿ, ಅಲೆಗಳು ಆಳುತ್ತವೆ. ಬಂಗಡೆ, ಬೂತಾಯಿಗಳ ಹಿಂಡನ್ನು ದಡದಿಂದಲೇ ಗುರುತಿಸಿ, ಹತ್ತಾರು ಜನ ಸೇರಿ ದಡಕ್ಕೆಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗೆ ತಿಥಿಗಿಂತ ಕಡಲಿನ ಶಾಂತಿಯೇ ಮುಖ್ಯವಾಗಿತ್ತು. 1970ರ ದಶಕದ ಕೊನೆಯಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಮುಂಗಾರಿನ ಕಡಲಿಗಂತೂ ಯಾವ ತಿಥಿಯ ಲೆಕ್ಕವೂ ನಡೆಯುವುದಿಲ್ಲ. ಮೀನುಗಳು ಮರಿಮಾಡುವ ಕಾಲವೂ ಅದೇ ಆದುದರಿಂದ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ರಾಜ್ಯದಲ್ಲಿ ನಿಷೇಧವಿದೆ.

ಈಗ ತಿಥಿಯ ಲೆಕ್ಕಕ್ಕೆ ಯಂತ್ರದ ಲೆಕ್ಕವೂ ಜೊತೆಯಾಗಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯು ಬಂದರುಗಳ ಉಬ್ಬರವಿಳಿತದ ವೇಳೆ ಹಾಗೂ ಎತ್ತರಗಳ ಪಟ್ಟಿಯನ್ನು ವರ್ಷವರ್ಷವೂ ಮುಂಚಿತವಾಗಿ ಪ್ರಕಟಿಸುತ್ತದೆ. 1999ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆ, ಗಾಳಿಗಳ ಮುನ್ಸೂಚನೆಯನ್ನೂ ಮೀನು ದೊರೆಯಬಹುದಾದ ವಲಯಗಳ ಸೂಚನೆಯನ್ನೂ ನೀಡುತ್ತದೆ. ಮೀನುಗಾರನ ಕೈಯ ಮೊಬೈಲಿಗೇ ಇವು ತಲುಪುತ್ತವೆ. ಆದರೂ ಪಟ್ಟಿಯಲ್ಲಿರುವುದು ಬಂದರಿನ ವೇಳೆ. ತನ್ನ ಊರಿನ ಹೊಳೆಯಲ್ಲಿ ಅದು ಎಷ್ಟು ತಡವಾಗುತ್ತದೆ, ಈ ವರ್ಷ ಮರಳು ಎಲ್ಲಿ ಕೂಡಿದೆ ಎಂಬುದನ್ನು ಅಲ್ಲಿಯೇ ಬಾಳಿದವನ ಕಣ್ಣು ಬಲ್ಲದು. ಪಟ್ಟಿಯನ್ನು ಕಣ್ಣೂ, ಕಣ್ಣನ್ನು ಪಟ್ಟಿಯೂ ತಿದ್ದಬೇಕು.

ಕೋಲಾರದ ಹಳ್ಳಿಗಳಲ್ಲಿ ಕೆರೆಯ ನೀರನ್ನು ಅಳೆದು, ಯಾವ ಗದ್ದೆಗೆ ಎಂದು, ಎಷ್ಟು ಹೊತ್ತು ತೂಬೆತ್ತಬೇಕೆಂಬುದನ್ನು ನಡೆಸುತ್ತಿದ್ದವನು ನೀರುಗಂಟಿ. ಅವನ ಎಣಿಕೆ ತಪ್ಪಿದರೆ ಕೊನೆಯ ಗದ್ದೆಯವನ ಪೈರು ಒಣಗುತ್ತಿತ್ತು. ಅಳಿವೆಯ ಮುಂದೆ ಕಾಯುವ ತಂಡೇಲನೂ ಅಂತಹವನೇ. ಒಬ್ಬನಿಗೆ ನೀರು ಕಡಮೆ, ಇನ್ನೊಬ್ಬನಿಗೆ ನೀರು ಅಪಾರ. ನೀರು ತನ್ನ ಇಷ್ಟಕ್ಕೆ ಬರಲೆಂದು ಇಬ್ಬರೂ ಬಯಸಲಿಲ್ಲ. ಅದು ಬರುವ ಹೊತ್ತನ್ನು ಅರಿತು ತಮ್ಮ ಕೆಲಸವನ್ನು ಹೊಂದಿಸಿಕೊಂಡರು.

ಪದಗಳ ಅರ್ಥ

ಅಳಿವೆ - ನದಿಯು ಕಡಲನ್ನು ಸೇರುವ ಸ್ಥಳ
ಗಜನಿ - ನದೀಮುಖದ ಬಳಿಯ ಉಪ್ಪುನೀರಿನ ತಗ್ಗು ಗದ್ದೆ
ಕಾಂಡ್ಲಾ - ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡಮರ
ಕೂಳೆ - ಪೈರನ್ನು ಕೊಯ್ದ ಮೇಲೆ ಉಳಿಯುವ ಬುಡ
ತಂಡೇಲ - ಮೀನುಗಾರಿಕೆಯ ದೋಣಿಯನ್ನು ನಡೆಸುವ ಮುಖ್ಯಸ್ಥ
ನೀರುಗಂಟಿ - ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು

ಅಭ್ಯಾಸ

1. ದಿನಕ್ಕೆ ಎರಡು ಬಾರಿ ಉಬ್ಬರ ಬರಲು ಕಾರಣವೇನು? ಕೆರೆಗಳಲ್ಲಿ ಉಬ್ಬರ ಕಾಣದಿರುವುದೇಕೆ?
2. ಅಮಾವಾಸ್ಯೆಯಂದು ಬೆಳಗ್ಗೆ 10 ಗಂಟೆಗೆ ತುಂಬುನೀರಾಗುವ ಸ್ಥಳದಲ್ಲಿ ದಶಮಿಯಂದು ಎಷ್ಟು ಗಂಟೆಗೆ ತುಂಬುನೀರಾಗಬಹುದು? ಲೆಕ್ಕ ಮಾಡಿ.
3. ಚಿಪ್ಪುಮೀನು ಆರಿಸುವವರು ಕಾಲಬುಡದ ನೀರಿಗಿಂತ ದಾರಿಯ ನೀರನ್ನು ಏಕೆ ಗಮನಿಸುತ್ತಾರೆ?
4. ‘ಧೈರ್ಯವೆಂಬುದು ನುಗ್ಗುವುದರಲ್ಲಿ ಮಾತ್ರವಲ್ಲ, ತಡೆದು ನಿಲ್ಲುವುದರಲ್ಲಿಯೂ ಇದೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
5. ನಿಮ್ಮ ಊರಿನ ಕೆರೆಯ ನೀರು ಯಾವ ತಿಂಗಳಲ್ಲಿ ಏರುತ್ತದೆ, ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಟಿಪ್ಪಣಿ ಬರೆಯಿರಿ.